ಮನೆ ಮಾರಿ ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರು. ಎರಡರ ಕಷ್ಟವನ್ನೂ ಕಂಡುಂಡವರ ಮಾತು ಅದು. ಆದರೆ 'ಮನೆ ಮಾರಿ ನೋಡು' ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವವನು ಒಂದೋ ಸಾಲದಲ್ಲಿ ಮುಳುಗಿದವನು, ಇಲ್ಲವೇ ಹಿಂದೆ ಮುಂದೆ ಯಾರೂ ಇಲ್ಲದವನು. ಸಾಲಸೋಲವಿಲ್ಲದೆ ನಡೆಯುತ್ತಿರುವ ಒಂದು ಸಂಸಾರ, ಆಸೆಪಟ್ಟು ಕೊಂಡ ಮನೆಯನ್ನು ಸರಕಾರದ ಒಂದು ಆಜ್ಞೆಯ ಮೇಲೆ ನಾಲ್ಕಾರು ತಿಂಗಳಲ್ಲಿ ಮಾರಿ ಗಂಟು ಕಟ್ಟಬೇಕಾದ ಪ್ರಸಂಗ ಅವರಿಗೆ ಒದಗಿರಲಾರದು. ನಮಗೆ ಒದಗಿತು. ಅದು 2009ರಲ್ಲಿ, ಗೋವೆಯಲ್ಲಿ.

ಇಷ್ಟು ವರ್ಷಗಳ ಮೇಲೆ ಅದನ್ನು ಬರೆಯಲು ಒಂದು ಕಾರಣವುಂಟು. ಈಚೆಗೆ ಕಾರವಾರದಲ್ಲಿ ನಂಟರ ಮನೆಯ ಮದುವೆಗೆ ಹೋಗಿದ್ದಾಗ, ನೌಕಾದಳದಲ್ಲಿರುವ ಹುಡುಗನೊಬ್ಬನ ಕೈಹಿಡಿದ ತರುಣಿ ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದಳು. ನಮ್ಮವರೂ ನೌಕಾದಳದಲ್ಲಿದ್ದವರೆಂದು ತಿಳಿದು, "ಇಲ್ಲಿಯೇ ಒಂದು ಫ್ಲಾಟು ನೋಡಿದ್ದೇವೆ, ಕೊಳ್ಳಬಹುದೇ ಅಮ್ಮ?" ಎಂದು ಕೇಳಿದಳು. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಅವಳಿಗೆ ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೋವೆ, ಕಾರವಾರ, ಕಾಸರಗೋಡುಗಳ ನಡುವೆ ವರ್ಗಾವಣೆಯ ಬಾಳನ್ನು ಬಾಳುವ ನಮ್ಮವರು ಅನೇಕರಿರುವುದರಿಂದ ಇದು ಅವಳೊಬ್ಬಳ ಪ್ರಶ್ನೆಯಲ್ಲವೆಂದು ನನ್ನ ಎಣಿಕೆ.

ನಮ್ಮವರು ನೌಕಾದಳದಲ್ಲಿ ಚೀಫ್ ಪೆಟಿ ಆಫೀಸರ್ ಆಗಿ, ಮಾಂಡವಿ ನದಿಯ ಉತ್ತರ ದಂಡೆಯ ವೆರೆಂನಲ್ಲಿರುವ ಐ.ಎನ್.ಎಸ್. ಮಾಂಡೋವಿ ನೆಲೆಯಲ್ಲಿದ್ದರು. ನೌಕಾದಳದ ಅಧಿಕಾರಿಗಳಾಗಲಿರುವ ತರುಣರಿಗೆ ಶಿಕ್ಷಣ ಕೊಡುವ ನೌಕಾ ಅಕಾಡೆಮಿ ಆಗ ಅಲ್ಲಿಯೇ ಇತ್ತು. ಕೊಚ್ಚಿಯಿಂದ 1986ರಲ್ಲಿ ಅದು ಗೋವೆಗೆ ಬಂದಾಗ ಈ ವಾಸ್ತವ್ಯ ತಾತ್ಕಾಲಿಕವೆಂದೇ ಎಲ್ಲರೂ ತಿಳಿದಿದ್ದರು. ಮರುವರ್ಷವೇ, 1987ರ ಜನವರಿ 17ರಂದು, ಅಂದಿನ ಪ್ರಧಾನಿ ರಾಜೀವ ಗಾಂಧಿಯವರು ಕೇರಳದ ಕಣ್ಣೂರು ಜಿಲ್ಲೆಯ ಏಳಿಮಲದಲ್ಲಿ ಶಾಶ್ವತ ಅಕಾಡೆಮಿಗೆ ಶಂಕುಸ್ಥಾಪನೆ ಮಾಡಿದರು. ಆದರೆ ಕಲ್ಲು ಹಾಕಿದ ಮಾತ್ರಕ್ಕೆ ಮನೆ ಏಳುವುದಿಲ್ಲ. 'ಬರುವ ವರ್ಷ ಏಳಿಮಲಕ್ಕೆ ಹೋಗುತ್ತದಂತೆ' ಎಂಬ ಮಾತು ಪ್ರತಿ ವರ್ಷ ಹುಟ್ಟಿ, ಪ್ರತಿ ವರ್ಷ ಸಾಯುತ್ತಿತ್ತು. ನಾವು ವೆರೆಂಗೆ ಬಂದ ಕಾಲಕ್ಕೆ ಅದು ಯಾರೂ ಕಿವಿಗೊಡದ ಮಾತಾಗಿಬಿಟ್ಟಿತ್ತು. ಇಪ್ಪತ್ತು ವರ್ಷ ನಿಂತದ್ದು ಇನ್ನೆಲ್ಲಿಗೆ ಹೋಗುತ್ತದೆ ಎಂದು ನಾವೂ ನಂಬಿದೆವು. ತಪ್ಪು ಅಲ್ಲಿಂದಲೇ ಮೊದಲಾಯಿತು.

ಅಂಕೋಲೆಯ ಕಡೆಯವಳಾದ ನನಗೆ ಗೋವೆ ಪರದೇಶವೆನಿಸಲಿಲ್ಲ. ಕೊಂಕಣಿ ಕಿವಿಗೆ ಹಳೆಯದು. ಮೀನು, ತೆಂಗು, ಕುಚ್ಚಲಕ್ಕಿ ಎಲ್ಲವೂ ನಮ್ಮದೇ. ಹದಿನೆಂಟು ವರ್ಷ ಊರಿಂದೂರಿಗೆ ಸರಕಾರಿ ಬಿಡಾರಗಳಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಅನುಮಾನಿಸಿ ಬದುಕಿದ ಮೇಲೆ, ನಮ್ಮದೇ ಆದ ಗೋಡೆಯೊಂದು ಬೇಕೆಂಬ ಹಂಬಲ ನನ್ನಲ್ಲಿ ಬಲವಾಗಿತ್ತು. 2004ರಲ್ಲಿ ಪರ್ವರಿಯಲ್ಲಿ ಎರಡು ಕೋಣೆಯ ಫ್ಲಾಟಿಗೆ ಕರಾರು ಮಾಡಿಕೊಂಡೆವು. ಬೆಲೆ 8,40,000 ರೂಪಾಯಿ. ಅದರಲ್ಲಿ ಆರು ಲಕ್ಷ ಬ್ಯಾಂಕಿನ ಸಾಲ. ಉಳಿದುದು ನಮ್ಮವರ ಉಳಿತಾಯ ಮತ್ತು ನನ್ನ ಎರಡು ಬಳೆ, ಒಂದು ಸರ. 2005ರ ಡಿಸೆಂಬರಿನಲ್ಲಿ ಕೀಲಿಕೈ ಕೈಗೆ ಬಂದಿತು.

ಮನೆ ಕೊಳ್ಳುವಾಗ ಸೈನಿಕನಿಗೆ ನೆರವಿಲ್ಲವೆಂದರೆ ಸುಳ್ಳಾದೀತು. ಭೂದಳದವರಿಗೆ 1978ರಲ್ಲಿ, ವಾಯುದಳ ಮತ್ತು ನೌಕಾದಳದವರಿಗೆ 1980ರಲ್ಲಿ ಮನೆ ಕಟ್ಟಿಸಿಕೊಡುವ ಸಂಸ್ಥೆಗಳು ಹುಟ್ಟಿದವು. ಬೆಂಗಳೂರಿನ ಜಲವಾಯು ವಿಹಾರ ಆ ಎರಡನೆಯ ಸಂಸ್ಥೆಯ ಕೆಲಸ. ಮನೆಗಾಗಿ ಭವಿಷ್ಯ ನಿಧಿಯಿಂದ ಹಣ ತೆಗೆಯಬಹುದು. ಮನೆ ಇದ್ದು, ಒಡೆಯ ದೂರದಲ್ಲಿದ್ದಾಗಲೂ ಕಾನೂನು ಅವನನ್ನು ಮರೆತಿಲ್ಲ. ಯುದ್ಧದಲ್ಲಿ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರುವ ಸೈನಿಕನ ಬೆನ್ನ ಹಿಂದೆ ನ್ಯಾಯಾಲಯದಲ್ಲಿ ದಾವೆ ನಡೆದುಹೋಗದಂತೆ ತಡೆಯುವ ಕಾಯಿದೆ 1925ರಷ್ಟು ಹಳೆಯದು. ಕರ್ನಾಟಕದ 1999ರ ಬಾಡಿಗೆ ಕಾಯಿದೆಯಂಥವು, ಸೈನಿಕನು ತನ್ನ ಮನೆಯನ್ನು ಬಾಡಿಗೆದಾರನಿಂದ ಬೇಗ ಬಿಡಿಸಿಕೊಳ್ಳಲು ಬೇರೆಯದೇ ದಾರಿ ಮಾಡಿಕೊಟ್ಟಿವೆ. ಹೀಗೆ ಕೊಳ್ಳಲು ನೆರವುಂಟು, ಕಾಯಲು ನೆರವುಂಟು. ಮಾರುವ ದಿನ ಮಾತ್ರ ಅವನು ಒಬ್ಬಂಟಿ. ಇದು ನನಗೆ ತಿಳಿದದ್ದು ಆ ದಿನ ಬಂದ ಮೇಲೆಯೇ.

2008ರ ದೀಪಾವಳಿ ಕಳೆದ ಮೇಲೆ ಆಜ್ಞೆ ಬಂದಿತು. ಈ ಸಲ ಗಾಳಿಮಾತಲ್ಲ, ಅಕಾಡೆಮಿ ಹೊರಟೇಬಿಟ್ಟಿತ್ತು. 2009ರ ಜನವರಿ 8ರಂದು ಪ್ರಧಾನಿ ಮನಮೋಹನ ಸಿಂಗರು ಏಳಿಮಲದಲ್ಲಿ ಅದನ್ನು ಉದ್ಘಾಟಿಸಿದರು. ನಮ್ಮವರು ಮಾರ್ಚಿ ಮುಗಿಯುವುದರೊಳಗೆ ಅಲ್ಲಿ ಹಾಜರಾಗಬೇಕಾಗಿತ್ತು. ನಿವೃತ್ತಿಗೆ ಎರಡು ಮೂರು ವರ್ಷವಷ್ಟೇ ಉಳಿದಿತ್ತು. ಆ ಮೇಲೆ ಕುಮಟೆಯ ಕಡೆ ನೆಲೆಸುವುದೆಂದು ನಿಶ್ಚಯವಾಗಿತ್ತು. ಎಂಟು ರೂಪಾಯಿಯ ಬಡ್ಡಿಗೆ ಹಿಡಿದ ಸಾಲ ಅಷ್ಟು ಹೊತ್ತಿಗೆ ಹನ್ನೆರಡರ ಹತ್ತಿರ ಏರಿತ್ತು. ಬಾಡಿಗೆಗೆ ಕೊಟ್ಟು ಹೋಗೋಣವೆಂದರೆ, ಹಾಗೆ ಹೋದ ಪರಿಚಯದವರೊಬ್ಬರು ಬಾಡಿಗೆದಾರನನ್ನು ಬಿಡಿಸಲು ಪಡುತ್ತಿದ್ದ ಪಾಡು ಕಣ್ಣೆದುರಿಗಿತ್ತು. ಮಾರುವುದೆಂದು ತೀರ್ಮಾನಿಸಿದೆವು.

ಅಕ್ಟೋಬರಿನಲ್ಲಿ ನಮ್ಮ ಕಟ್ಟಡದಲ್ಲಿಯೇ, ನಮ್ಮಷ್ಟೇ ದೊಡ್ಡ ಫ್ಲಾಟು ಹನ್ನೆರಡೂವರೆ ಲಕ್ಷಕ್ಕೆ ಹೋಗಿತ್ತು. ನಾವೂ ಅದೇ ಬೆಲೆ ಹೇಳಿದೆವು. ಮೊದಲು ಬಂದ ದಲ್ಲಾಳಿ, "ಯಾವಾಗ ಖಾಲಿ ಮಾಡುವಿರಿ?" ಎಂದು ಕೇಳಿದ. ನಾನು ಸರಳವಾಗಿ, "ಮಾರ್ಚಿ ಕೊನೆಗೆ ಇವರು ಹೋಗಲೇಬೇಕು, ಮಕ್ಕಳ ಪರೀಕ್ಷೆ ಮುಗಿದೊಡನೆ ನಾವೂ ಹೊರಡುತ್ತೇವೆ" ಎಂದುಬಿಟ್ಟೆ. ಆ 'ಲೇಬೇಕು' ಎಂಬ ಮೂರಕ್ಷರದ ಬೆಲೆ ಎಷ್ಟೆಂದು ನನಗೆ ಆಗ ತಿಳಿದಿರಲಿಲ್ಲ. ಮುಂದೆ ಬಂದವರೆಲ್ಲರೂ ನಮ್ಮ ತಾರೀಖನ್ನು ತಿಳಿದುಕೊಂಡೇ ಬಂದರು. ಜನವರಿಯಲ್ಲಿ ಹನ್ನೊಂದು ಎಂದವನು ಫೆಬ್ರವರಿಯಲ್ಲಿ ಹತ್ತೂವರೆ ಎಂದ. ಮಾರ್ಚಿಯಲ್ಲಿ ಇನ್ನೊಬ್ಬ ಮಹಾಶಯ ಬಂದು, ಕುರ್ಚಿಯಲ್ಲಿ ಕೂರದೆ ನಿಂತೇ, "ಒಂಬತ್ತು ಎಪ್ಪತ್ತೈದು, ಬೇಕಾದರೆ ಈಗಲೇ ಮುಂಗಡ" ಎಂದು ಹೇಳಿ ಹೋದ.

ಇದರಲ್ಲಿ ಕೊಳ್ಳುವವರನ್ನು ದೂರುವುದು ನ್ಯಾಯವಲ್ಲ. ನಮ್ಮದೊಂದೇ ಆಗಿದ್ದರೆ ಸುದ್ದಿ ಅಷ್ಟು ಹರಡುತ್ತಿರಲಿಲ್ಲ; ನಮ್ಮ ಸುತ್ತಿನ ಮೂರು ಕಟ್ಟಡಗಳಲ್ಲಿ ನೌಕಾದಳದವರ ಐದು ಫ್ಲಾಟುಗಳು ಆ ಚಳಿಗಾಲದಲ್ಲಿ ಒಟ್ಟಿಗೇ ಮಾರಾಟಕ್ಕೆ ನಿಂತವು. ಐವರಿಗೂ ಒಂದೇ ಆಜ್ಞೆ, ಒಂದೇ ಗಡುವು. ಒಂದು ನೆಲೆ ಕದಲಿದಾಗ ಕೊಳ್ಳುವವರು ಎಂದಿನಷ್ಟೇ ಇರುತ್ತಾರೆ. ಮಾರುವವರು ಮಾತ್ರ ಒಂದೇ ದಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಪರ್ವರಿಯ ಬೆಲೆ ಬಿದ್ದಿರಲಿಲ್ಲ. ನಮ್ಮ ಐವರ ಬೆಲೆ ಬಿದ್ದಿತ್ತು. ಸರಕಾರಿ ಬ್ಯಾಂಕುಗಳು 2008ರ ಡಿಸೆಂಬರಿನಲ್ಲಿ ಇಪ್ಪತ್ತು ಲಕ್ಷದವರೆಗಿನ ಹೊಸ ಮನೆಸಾಲಕ್ಕೆ ಬಡ್ಡಿ ಇಳಿಸಿದ್ದವು. ಅಂದರೆ ನಮ್ಮ ಮನೆಯನ್ನು ಕೊಳ್ಳುವವನಿಗೆ ನೆರವಿತ್ತು. ಹನ್ನೆರಡು ರೂಪಾಯಿಯ ಬಡ್ಡಿ ತೆರುತ್ತ ಮಾರುವ ನಮಗೆ ಇರಲಿಲ್ಲ.

ಮಾರ್ಚಿಯ ಕೊನೆಯ ವಾರ ನಮ್ಮವರು ಮಡಗಾಂವಿನಲ್ಲಿ ರೈಲು ಹತ್ತಿದರು. ಮಕ್ಕಳಿಬ್ಬರ ಪರೀಕ್ಷೆ, ಮನೆಯ ಮಾರಾಟ ಎರಡೂ ನನ್ನ ಪಾಲಿಗೆ ಬಂದವು. ಕೊನೆಗೆ ಏಪ್ರಿಲಿನಲ್ಲಿ, ಪಣಜಿಯಲ್ಲಿ ಅಂಗಡಿ ಇಟ್ಟಿದ್ದ ಸಜ್ಜನ ದಂಪತಿಗಳು 10,20,000 ರೂಪಾಯಿಗೆ ಒಪ್ಪಿದರು. ಬೆಲೆ ಕುದುರಿದರೆ ಕಷ್ಟ ಮುಗಿಯಿತೆಂದು ತಿಳಿದಿದ್ದೆ. ನಿಜವಾದ ಪಾಠ ಅಲ್ಲಿಂದ ಮುಂದೆ.

ಮೊದಲನೆಯದು ಮುಖ್ತ್ಯಾರ್ ಪತ್ರದ ಕಥೆ. ಮನೆ ಇಬ್ಬರ ಹೆಸರಿನಲ್ಲಿತ್ತು. ನಮ್ಮವರು ಹೊರಡುವ ಮುನ್ನ ನನ್ನ ಹೆಸರಿಗೆ ಒಂದು ಮುಖ್ತ್ಯಾರ್ ಪತ್ರ ಬರೆದು, ನೋಟರಿಯ ಮುಂದೆ ಸಹಿ ಹಾಕಿ ಕೊಟ್ಟು ಹೋಗಿದ್ದರು. ಅದನ್ನು ನೋಡಿದ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೋಂದಣಿಗಾಗಿ ಪತ್ರ ಹಾಜರುಪಡಿಸುವ ಮುಖ್ತ್ಯಾರನಿಗೆ 1908ರ ನೋಂದಣಿ ಕಾಯಿದೆಯ 33ನೆಯ ಕಲಮಿನ ಪ್ರಕಾರ ನೋಟರಿಯ ಸಹಿ ಸಾಲದು. ಅಧಿಕಾರ ಕೊಡುವವನು ತಾನು ವಾಸಿಸುವ ಜಿಲ್ಲೆಯ ನೋಂದಣಾಧಿಕಾರಿಯ ಅಥವಾ ಉಪನೋಂದಣಾಧಿಕಾರಿಯ ಮುಂದೆಯೇ ಸಹಿ ಹಾಕಿ ಪ್ರಮಾಣೀಕರಿಸಿಕೊಳ್ಳಬೇಕು ಎಂದರು. ಮಾರ್ಚಿಯಲ್ಲಿ ಮಾಪುಸಾಕ್ಕೆ ಅರ್ಧ ದಿನ ಹೋಗಿದ್ದರೆ ಮುಗಿಯುತ್ತಿದ್ದ ಕೆಲಸ. ಈಗ ನಮ್ಮವರು, ಹೊಸ ನೆಲೆಗೆ ಹೋಗಿ ಮೂರು ವಾರವಾಗದಿದ್ದಾಗ, ರಜೆ ಬೇಡಿ, ಪಯ್ಯನ್ನೂರಿನ ಉಪನೋಂದಣಿ ಕಚೇರಿಗೆ ಹೋಗಿ, ಗುರುತು ಹೇಳಲು ಸಾಕ್ಷಿ ಹುಡುಕಿ, ಪತ್ರ ಮಾಡಿಸಿ, ರೈಲಿನಲ್ಲಿ ಬರುವವರ ಕೈಯಲ್ಲಿ ಕಳುಹಿಸಬೇಕಾಯಿತು. ಹದಿಮೂರು ದಿನ ಹಿಡಿಯಿತು. ಅಷ್ಟು ದಿನವೂ ಕೊಳ್ಳುವವರು ಮನಸ್ಸು ಬದಲಿಸದಿರಲೆಂದು ನಾನು ಹರಕೆ ಹೊತ್ತದ್ದು ಮಹಾಬಲೇಶ್ವರನಿಗೇ ಗೊತ್ತು.

ಆ ವಕೀಲರು ವಯಸ್ಸಾದ ಗೋವೆಯ ಗೃಹಸ್ಥರು. ನಾನು ಬೇಸರದಿಂದ, "ಹೆಂಡತಿಯ ಕೈಯಲ್ಲಿ ಇಷ್ಟು ಓಡಾಟ ಮಾಡಿಸುವ ಕಾನೂನು ಯಾವುದು?" ಎಂದಾಗ ನಕ್ಕು, "ಬಾಯಿ, ನಮ್ಮ ಗೋವೆಯಲ್ಲಿ ಹೆಂಡತಿಯಿಲ್ಲದೆ ಮನೆಯೇ ಮಾರಾಟವಾಗದು" ಎಂದರು. ಆಮೇಲೆ ವಿವರಿಸಿದರು. ಪೋರ್ತುಗೀಜರ 1867ರ ಸಿವಿಲ್ ಸಂಹಿತೆಯ ಕುಟುಂಬ ನಿಯಮಗಳು 1961ರ ವಿಮೋಚನೆಯ ತರುವಾಯವೂ ಗೋವೆಯಲ್ಲಿ ಮುಂದುವರಿದವು. ಬೇರೆ ಕರಾರಿಲ್ಲದೆ ಮದುವೆಯಾದ ಗೋವೆಯ ದಂಪತಿಗಳ ಆಸ್ತಿ ಇಬ್ಬರದೂ ಕೂಡಿ ಒಂದೇ ರಾಶಿ. ಅರ್ಧ ಅವಳದು, ಅರ್ಧ ಅವನದು. ಮನೆ ಗಂಡನೊಬ್ಬನ ಹೆಸರಿನಲ್ಲಿದ್ದರೂ ಹೆಂಡತಿಯ ಒಪ್ಪಿಗೆಯಿಲ್ಲದೆ ಅವನು ಅದನ್ನು ಮಾರಲಾರ. ಹೊರಗಿನಿಂದ ಬಂದ ನಮ್ಮಂಥವರಿಗೆ ಆ ನಿಯಮ ತಗಲದು. ನಮ್ಮ ಮನೆಯಲ್ಲಿ ನನ್ನ ಹೆಸರು ಇದ್ದುದು ನಮ್ಮವರ ವಿವೇಕದಿಂದ. ಆದರೂ ಆ ಮಾತು ಕೇಳಿದ ಮೇಲೆ ನನ್ನ ಓಡಾಟದ ಆಯಾಸ ಸ್ವಲ್ಪ ಇಳಿಯಿತು. ಗಂಡ ಕಡಲಿನಲ್ಲಿರುವಾಗ ಮನೆ ಹಿಡಿದು ನಿಲ್ಲುವವಳು ಹೆಂಡತಿ. ಅವಳ ಸಹಿಗೆ ಬೆಲೆಯಿರುವ ಒಂದು ನೆಲದಲ್ಲಿಯೇ ನಾನು ಆ ಕೆಲಸ ಮಾಡುತ್ತಿದ್ದೆ.

ಎರಡನೆಯದು ಬ್ಯಾಂಕಿನ ತೊಡಕು. ಕ್ರಯಪತ್ರ ಬ್ಯಾಂಕಿನ ಪೆಟ್ಟಿಗೆಯಲ್ಲಿ. ಸಾಲ ತೀರಿಸದೆ ಬ್ಯಾಂಕು ಪತ್ರ ಕೊಡದು. ಪತ್ರ ನೋಡದೆ ಕೊಳ್ಳುವವರು ಹಣ ಕೊಡರು. ಹಣ ಬಾರದೆ ನಾವು ಸಾಲ ತೀರಿಸಲಾರೆವು. ಈ ಉರುಟಿನಲ್ಲಿ ಹತ್ತು ದಿನ ಸುತ್ತಿದೆವು. ಕೊನೆಗೆ ವಕೀಲರೇ ದಾರಿ ತೋರಿದರು: ಕೊಳ್ಳುವವರ ಚೆಕ್ಕು ನಮ್ಮ ಹೆಸರಿಗಲ್ಲ, ನೇರವಾಗಿ ಸಾಲದ ಖಾತೆಗೆ, ಮೂರೂ ಪಕ್ಷದವರು ಒಂದೇ ಮೇಜಿನ ಸುತ್ತ, ಚೆಕ್ಕು ಅತ್ತ, ಪತ್ರ ಇತ್ತ. ಹಾಗೆಯೇ ಆಯಿತು. ಆದರೆ ಅವಧಿಗೆ ಮುನ್ನ ಸಾಲ ತೀರಿಸಿದುದಕ್ಕೆ ದಂಡವೆಂದು ಉಳಿದ ಸಾಲದ ಮೇಲೆ ನೂರಕ್ಕೆ ಎರಡರಂತೆ, ಸುಮಾರು 9,800 ರೂಪಾಯಿ, ತೆರಬೇಕಾಯಿತು. ಏರಿಳಿಯುವ ಬಡ್ಡಿಯ ಮನೆಸಾಲಕ್ಕೆ ಇಂಥ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು ವಿಧಿಸಿದ್ದು 2012ರಲ್ಲಿ. ನಮಗೆ ಅದು ಮೂರು ವರ್ಷ ತಡವಾಯಿತು. ಈಗಿನವರಿಗೆ ಉಪಯೋಗಕ್ಕೆ ಬರಲಿ.

ಮೂರನೆಯದು ತೆರಿಗೆ. ಬೆಲೆಯೇರಿಕೆಯ ಸೂಚಿಯಿಂದ ಲೆಕ್ಕ ಹಾಕಿದರೆ 2004ರ 8,40,000 ಎಂದರೆ 2009ರಲ್ಲಿ ಹನ್ನೊಂದು ಲಕ್ಷದ ಮೇಲಾಗುತ್ತಿತ್ತು. ಆದುದರಿಂದ ಲಾಭವಿಲ್ಲ, ಲಾಭದ ಮೇಲಿನ ತೆರಿಗೆಯೂ ಇಲ್ಲ. ಆದರೆ 1961ರ ಆದಾಯ ತೆರಿಗೆ ಕಾಯಿದೆಯ 80ಸಿ ಕಲಮಿನ ಮೂಲೆಯಲ್ಲಿ ಒಂದು ಮಾತಿತ್ತು. ಮನೆಸಾಲದ ಅಸಲು ತೀರಿಸಿದುದಕ್ಕೆ ವರ್ಷ ವರ್ಷ ವಿನಾಯಿತಿ ಪಡೆದವನು, ಮನೆ ಕೈಗೆ ಬಂದ ಆರ್ಥಿಕ ವರ್ಷದ ಕೊನೆಯಿಂದ ಐದು ವರ್ಷದೊಳಗೆ ಅದನ್ನು ಮಾರಿದರೆ, ಪಡೆದ ವಿನಾಯಿತಿಯೆಲ್ಲ ಮಾರಿದ ವರ್ಷದ ಆದಾಯವೆಂದು ಲೆಕ್ಕಕ್ಕೆ ಸೇರಬೇಕು. ನಮ್ಮ ಐದು ವರ್ಷ ತುಂಬುವುದು 2011ರ ಮಾರ್ಚಿಗೆ. ನಾವು ಮಾರಿದ್ದು 2009ರ ಮೇ ತಿಂಗಳಲ್ಲಿ. ತಾನಾಗಿ ಮಾರಿದವನಿಗೂ, ಆಜ್ಞೆಯ ಮೇಲೆ ಊರು ಬಿಟ್ಟವನಿಗೂ ಆ ಕಲಮಿನಲ್ಲಿ ಭೇದವಿರಲಿಲ್ಲ. ಹದಿನಾರು ಸಾವಿರ ಚಿಲ್ಲರೆ ತೆರಿಗೆ ಕಟ್ಟಿದೆವು. ವರ್ಗಾವಣೆಯಾದವರಿಗೆ ಸಾಮಾನು ಸಾಗಿಸುವ ವೆಚ್ಚದ ಜೊತೆಗೆ ಒಂದು ತಿಂಗಳ ಮೂಲವೇತನದಷ್ಟು ಅನುದಾನವನ್ನು ಆರನೆಯ ವೇತನ ಆಯೋಗದ ನಿಯಮದಂತೆ ಸರಕಾರ ಕೊಡುತ್ತಿತ್ತು. ನಮಗೆ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ಬಲಗೈ ಕೊಟ್ಟದ್ದನ್ನು ಎಡಗೈ ಒಯ್ದಿತು ಎಂದು ನಮ್ಮವರು ಕಾಗದದ ಮೇಲೆ ಕೂಡಿ ಕಳೆದು ತೋರಿಸಿದರು.

ಮರುವರ್ಷ ನನ್ನ ಅಕ್ಕನ ಮಗಳು ಅಮೆರಿಕದ ಸಾನ್ ಡಿಯೇಗೊ ನಗರದಿಂದ ರಜೆಗೆ ಬಂದಿದ್ದಳು. ಅದು ಆ ದೇಶದ ದೊಡ್ಡ ನೌಕಾನೆಲೆಯಿರುವ ಊರು. ನಮ್ಮ ಕಥೆ ಕೇಳಿ ಅವಳು, "ಚಿಕ್ಕಮ್ಮ, ನಮ್ಮ ಪಕ್ಕದ ಮನೆಯ ನಾವಿಕನೂ ಹೀಗೆಯೇ ನಷ್ಟಕ್ಕೆ ಮನೆ ಮಾರಿದ; ಆದರೆ ಅವನಿಗೆ ಸರಕಾರ ನಷ್ಟ ತುಂಬಿಕೊಟ್ಟಿತು" ಎಂದಳು. ನನಗೆ ನಂಬಿಕೆ ಬರಲಿಲ್ಲ. ಅವಳು ವಿಚಾರಿಸಿ ಬರೆದು ತಿಳಿಸಿದಳು. ಸೇನಾನೆಲೆ ಮುಚ್ಚಿದುದರಿಂದ ಸುತ್ತಲಿನ ಮನೆಗಳ ಬೆಲೆ ಕುಸಿದರೆ, ಅಲ್ಲಿ ಮನೆ ಇರುವ ಸೈನಿಕರಿಗೆ ನೆರವಾಗಲು ಆ ದೇಶ 1966ರಲ್ಲಿಯೇ ಒಂದು ಕಾನೂನು ಮಾಡಿತ್ತು. ಸೈನಿಕ ನಷ್ಟಕ್ಕೆ ಮಾರಿದರೆ ನಷ್ಟದ ಬಹುಪಾಲನ್ನು ಸರಕಾರ ಕೊಡಬಹುದು. ಮಾರಲೇ ಆಗದಿದ್ದರೆ ಸರಕಾರವೇ ಮನೆಯನ್ನು ಕೊಳ್ಳಬಹುದು. ಭೂದಳದ ಇಂಜಿನಿಯರುಗಳ ವಿಭಾಗ ಇದನ್ನು ನಡೆಸುತ್ತದೆ. ಮನೆಗಳ ಬೆಲೆ ದೇಶದಾದ್ಯಂತ ಕುಸಿದಾಗ, 2009ರ ಫೆಬ್ರವರಿ 17ರಂದು ಸಹಿಯಾದ ಹೊಸ ಕಾನೂನಿನಲ್ಲಿ ಇದಕ್ಕಾಗಿ 555 ಮಿಲಿಯನ್ ಡಾಲರುಗಳನ್ನು ತೆಗೆದಿಟ್ಟು ನೆರವನ್ನು ವಿಸ್ತರಿಸಿದರು. ಮೊದಲು ಗಾಯಗೊಂಡವರು, ಮಡಿದವರ ಪತ್ನಿಯರು, ಬಳಿಕ ಮುಚ್ಚುವ ನೆಲೆಗಳವರು, ಅನಂತರ ಆಜ್ಞೆಯ ಮೇಲೆ ವರ್ಗವಾದವರು ಎಂದು ಸರದಿ. ವರ್ಗವಾದವರಿಗೆ ಕೊಟ್ಟ ಆ ಹೆಚ್ಚಿನ ನೆರವು ಕೆಲವು ವರ್ಷಗಳಿಗೆ ಮಾತ್ರ ಸೀಮಿತವಾಗಿತ್ತು, ನಿಜ. ಆದರೆ ನಾನು ಪರ್ವರಿಯ ಮನೆಯಲ್ಲಿ 'ಒಂಬತ್ತು ಎಪ್ಪತ್ತೈದು' ಕೇಳುವುದಕ್ಕೆ ಕೆಲವೇ ವಾರಗಳ ಮುನ್ನ, ಭೂಮಿಯ ಇನ್ನೊಂದು ಬದಿಯಲ್ಲಿ ನನ್ನಂಥವಳ ಸಂಕಟಕ್ಕೆ ಕಾನೂನಿನಲ್ಲಿ ಒಂದು ಹೆಸರಿತ್ತು ಎಂಬುದೇ ನನಗೆ ದೊಡ್ಡ ಸಮಾಧಾನ, ಜೊತೆಗೆ ಸ್ವಲ್ಪ ಅಸೂಯೆ.

ಅಮೆರಿಕದ ಖಜಾನೆಯನ್ನು ನಮ್ಮ ಸರಕಾರದಿಂದ ಕೇಳುವಷ್ಟು ಅವಿವೇಕ ನನಗಿಲ್ಲ. ನಮ್ಮಲ್ಲಿ ಹೆಚ್ಚಿನ ಸೈನಿಕರು ಸರಕಾರಿ ಬಿಡಾರಗಳಲ್ಲಿರುತ್ತಾರೆ. ಸ್ವಂತ ಮನೆಯೆಂಬುದು ನಿವೃತ್ತಿಯ ನಂತರದ ಮಾತು ಎಂದೇ ನಮ್ಮ ವ್ಯವಸ್ಥೆ ತಿಳಿದುಕೊಂಡಿದೆ. ಆದರೆ ಅವಳು ಬರೆದುದರಲ್ಲಿ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಹಿಡಿಯಿತು. ಅಲ್ಲಿ ಮನೆ ಮಾರಿದ ಲಾಭಕ್ಕೆ ತೆರಿಗೆಯ ವಿನಾಯಿತಿ ಬೇಕಾದರೆ, ಮಾರುವ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ಆ ಮನೆಯಲ್ಲಿ ವಾಸಿಸಿರಬೇಕು. ಸೈನಿಕ ಆಜ್ಞೆಯ ಮೇಲೆ ದೂರ ಹೋಗಿದ್ದರೆ, 2003ರ ಒಂದು ಕಾನೂನಿನಂತೆ, ಆ ಐದು ವರ್ಷದ ಎಣಿಕೆಯನ್ನು ಹತ್ತು ವರ್ಷದವರೆಗೂ ನಿಲ್ಲಿಸಬಹುದು. ಇದಕ್ಕೆ ಖಜಾನೆಯಿಂದ ಹಣ ಎಣಿಸಿ ಕೊಡಬೇಕಾಗಿಲ್ಲ. ಗಡಿಯಾರವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು. ನಮಗೂ ಬೇಕಾಗಿದ್ದದ್ದು ಹಣವಲ್ಲ, ಕಾಲ. ಆರು ತಿಂಗಳು ಹೆಚ್ಚು ಇದ್ದಿದ್ದರೆ ನಾನು 'ಲೇಬೇಕು' ಎನ್ನುತ್ತಿರಲಿಲ್ಲ. ಐದು ವರ್ಷದ ಎಣಿಕೆ ಆಜ್ಞೆಗೆ ತಲೆಬಾಗಿದ್ದರೆ ತೆರಿಗೆ ಕಟ್ಟುತ್ತಿರಲಿಲ್ಲ.

ಮನೆ ಬಿಡುವ ಮಾತು ಬಂದಾಗ ನನ್ನ ದೊಡ್ಡಮ್ಮನನ್ನು ನೆನೆಯದೆ ಇರಲಾರೆ. ಅವಳ ಮನೆ ಕಾರವಾರದ ಬಳಿಯ ಅರ್ಗಾದಲ್ಲಿತ್ತು. ಅಕಾಡೆಮಿ ಗೋವೆಗೆ ಬಂದ 1986ರಲ್ಲಿಯೇ, ಅಕ್ಟೋಬರ್ 24ರಂದು, ಕಾರವಾರದಲ್ಲಿ ಸೀಬರ್ಡ್ ಯೋಜನೆಯ ಶಂಕುಸ್ಥಾಪನೆಯಾಯಿತು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ನೌಕಾನೆಲೆ ಆರಂಭವಾಗುವ ಹೊತ್ತಿಗೆ ಕಾರವಾರ, ಅಂಕೋಲೆ ತಾಲೂಕುಗಳ ನಾಲ್ಕು ಸಾವಿರದಷ್ಟು ಕುಟುಂಬಗಳು ತಮ್ಮ ನೆಲ ಬಿಟ್ಟಿದ್ದವು. ಪರಿಹಾರದ ಬೆಲೆಗಾಗಿ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದುದು ಆ ಸೀಮೆಯವರಿಗೆಲ್ಲ ತಿಳಿದ ವಿಷಯ. ದೊಡ್ಡಮ್ಮ ತೋಡೂರಿನ ಪುನರ್ವಸತಿ ಕಾಲನಿಗೆ ಹೋದಳು. ನಾವು ಪರ್ವರಿಯ ಮನೆ ಮಾರಿದ ಸುದ್ದಿ ಕೇಳಿ ಅವಳು ಹೇಳಿದ್ದು ಇಷ್ಟು: "ನನ್ನನ್ನು ಹೋಗು ಎಂದವರು ಮನೆಯ ಬೆಲೆ ಎಷ್ಟೆಂದಾದರೂ ಹೇಳಿದರು, ಕಡಿಮೆಯೆಂದು ಜಗಳವಾಡಲು ನನಗೊಂದು ಬಾಗಿಲಿತ್ತು. ನೀನು ಯಾರ ಹತ್ತಿರ ಜಗಳವಾಡುವಿ ಮಗಳೇ?" ಅವಳ ನಷ್ಟ ನನ್ನದಕ್ಕಿಂತ ಬಹಳ ದೊಡ್ಡದು, ತಲೆಮಾರುಗಳ ನೆಲ ಅದು. ಅದನ್ನು ಕಳೆದುಕೊಂಡವಳು ನನ್ನ ಎರಡು ಕೋಣೆಗಾಗಿ ಮರುಗಿದಳು. ಏಳಿಮಲದಲ್ಲಿಯೂ ನಮ್ಮ ಹೊಸ ಬಿಡಾರದ ಸುತ್ತಲಿನ ಎರಡೂವರೆ ಸಾವಿರ ಎಕರೆಯ ಹತ್ತಿರದ ನೆಲ ಅಕಾಡೆಮಿಗೆಂದು ತೆಗೆದುಕೊಂಡದ್ದೆಂದು ತಿಳಿದ ಮೇಲೆ, ನಾನು ನನ್ನ ದುಃಖವನ್ನು ದೊಡ್ಡದು ಮಾಡಿ ಹೇಳುವುದನ್ನು ಬಿಟ್ಟೆ.

ಮೇ ತಿಂಗಳ ಎರಡನೆಯ ವಾರ ಮಾಪುಸಾದಲ್ಲಿ ನೋಂದಣಿ ಮುಗಿಯಿತು. ಕ್ರಯಪತ್ರಕ್ಕೆ ನಾನು ಎರಡೆರಡು ಸಲ ಸಹಿ ಹಾಕಿದೆ: ಒಮ್ಮೆ ನನ್ನ ಪರವಾಗಿ, ಒಮ್ಮೆ ಯಜಮಾನರ ಪರವಾಗಿ. ಮರುದಿನ ಕೀಲಿಕೈ ಕೊಡಲು ನಿಂತಾಗ ಕೊಂಡವರ ಹೆಂಡತಿ, ಬೇರೆ ಯಾವ ಮಾತೂ ತೋಚದೆ, "ನೀರು ಎಷ್ಟು ಹೊತ್ತಿಗೆ ಬರುತ್ತದೆ?" ಎಂದು ಕೇಳಿದಳು. ಬೆಳಿಗ್ಗೆ ಐದೂವರೆಗೆ ಬರುತ್ತದೆ, ಏಳಕ್ಕೆ ನಿಲ್ಲುತ್ತದೆ, ಅಡಿಗೆಮನೆಯ ನಲ್ಲಿಯಲ್ಲಿ ಒತ್ತಡ ಹೆಚ್ಚು, ಆದುದರಿಂದ ಕುಡಿಯುವ ನೀರನ್ನು ಅಲ್ಲಿಂದಲೇ ಹಿಡಿಯಬೇಕು ಎಂದು ಹೇಳಿದೆ. ಹೇಳುತ್ತ ಹೇಳುತ್ತ, ಆ ಮನೆಯ ವಿಷಯದಲ್ಲಿ ನನಗೆ ಗೊತ್ತಿದ್ದುದನ್ನೆಲ್ಲ ಅವಳಿಗೆ ಒಪ್ಪಿಸಿದೆನೆಂದು ತೋರಿತು. ಮಕ್ಕಳು ಕೆಳಗೆ ರಿಕ್ಷಾದಲ್ಲಿ ಕಾಯುತ್ತಿದ್ದರು.

ಎರಡು ವರ್ಷ ಕಳೆಯಿತು. 2011ರಲ್ಲಿ ಮುಂಬಯಿಯ ಕಾರಂಜಾದಿಂದ ನೌಕಾ ಯುದ್ಧ ಮಹಾವಿದ್ಯಾಲಯ ಅದೇ ವೆರೆಂ ನೆಲೆಗೆ ಬಂದಿತು. ನಮ್ಮ ಹಳೆಯ ಮನೆಯನ್ನು ಅಲ್ಲಿಗೆ ಬಂದ ನೌಕಾದಳದ ಸಂಸಾರವೊಂದು ಬಾಡಿಗೆಗೆ ಹಿಡಿದಿದೆಯೆಂದು ಪಕ್ಕದ ಮನೆಯವರು ಫೋನಿನಲ್ಲಿ ಹೇಳಿದರು. ಒಂದು ಸಂಸಾರ ಹೋಗುವಾಗ ಕೊಳ್ಳುವವರಿಲ್ಲ. ಇನ್ನೊಂದು ಬರುವಾಗ ಮನೆ ಸಿಗದು. ಇಬ್ಬರೂ ಒಂದೇ ದಳದವರು, ಆದರೂ ಒಬ್ಬರಿಗೊಬ್ಬರು ಅಪರಿಚಿತರು. ಇದನ್ನು ಯೋಚಿಸಿ ಏಳಿಮಲದಲ್ಲಿ ನಾವು ನಾಲ್ಕೈದು ಹೆಂಗಸರು ಒಂದು ನೋಟುಪುಸ್ತಕ ಮಾಡಿದೆವು. ಯಾರು ಎಲ್ಲಿಂದ ಬಂದರು, ಎಲ್ಲಿ ಅವರ ಮನೆಯುಂಟು, ಮಾರುವುದೋ ಬಾಡಿಗೆಗೋ, ಯಾರು ಯಾವ ಊರಿಗೆ ವರ್ಗವಾದರು ಎಂದು ಅದರಲ್ಲಿ ಬರೆಯುತ್ತಿದ್ದೆವು. ನಾವು ಅಲ್ಲಿದ್ದಷ್ಟು ಕಾಲದಲ್ಲಿ ಆ ಪುಸ್ತಕದಿಂದ ಕೈಬದಲಾದ ಮನೆಗಳು ಮೂರು. ದಲ್ಲಾಳಿಯಿಲ್ಲ, ಅವಸರವಿಲ್ಲ, ಒಂದಕ್ಕಂತೂ ಪೇಟೆಯ ಬೆಲೆಯೇ ಸಿಕ್ಕಿತು.

ಇನ್ನು ಕಾರವಾರದ ಆ ತರುಣಿಗೆ ನನ್ನ ಉತ್ತರ. ಮನೆ ಕೊಳ್ಳು, ಮಗಳೇ. ಸ್ವಂತ ಗೋಡೆಯ ಸುಖ ಸಣ್ಣದಲ್ಲ. ಆದರೆ ಕೊಳ್ಳುವ ದಿನವೇ ಮಾರುವ ದಿನವನ್ನೂ ನೆನೆ. ಮನೆ ಇಬ್ಬರ ಹೆಸರಿನಲ್ಲಿರಲಿ. ನಿನ್ನವನು ಊರು ಬಿಡುವ ಮುನ್ನ, ಇಬ್ಬರೂ ಕೂಡಿ ಅಲ್ಲಿಯ ಉಪನೋಂದಣಿ ಕಚೇರಿಗೆ ಹೋಗಿ ಮುಖ್ತ್ಯಾರ್ ಪತ್ರವನ್ನು ಸರಿಯಾಗಿ ಮಾಡಿಸಿ ಪೆಟ್ಟಿಗೆಯಲ್ಲಿಡಿ. ಆದರೆ ಮುಖ್ತ್ಯಾರ್ ಪತ್ರವನ್ನೇ ಮಾರಾಟವೆಂದು ಕರೆದು, 'ನೋಂದಣಿಯ ಖರ್ಚು ಉಳಿಯುತ್ತದೆ' ಎನ್ನುವವರನ್ನು ನಂಬಬೇಡ. ಅಂಥ ಪತ್ರದಿಂದ ಮನೆಯ ಒಡೆತನ ಕೈಬದಲಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ತೆರಿಗೆಯಲ್ಲಿ ಪಡೆದ ವಿನಾಯಿತಿಗೆ ಯಾವ ಗಡುವು ಕಟ್ಟಿದೆಯೆಂದು ಪ್ರತಿ ವರ್ಷ ತಿಳಿದವರನ್ನು ಕೇಳು. ಆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ನೆಲೆ ಕದಲುತ್ತದೆಂಬ ಮಾತು ಇಪ್ಪತ್ತು ವರ್ಷ ಹಳೆಯದಾದರೂ ಅದನ್ನು ಗಾಳಿಮಾತೆಂದು ತಳ್ಳಬೇಡ. ಮಾರುವಾಗ ಮನೆಯ ದೋಷಗಳನ್ನು ಮುಚ್ಚಿಡಬೇಡ, ನಿನ್ನ ತಾರೀಖನ್ನು ಮಾತ್ರ ಹೇಳಬೇಡ.

ಇದನ್ನು ಓದುವ ಗೋವೆಯ, ಕಾರವಾರದ, ಕಾಸರಗೋಡಿನ ಸೈನಿಕ ಸಂಸಾರಗಳ ಹೆಂಗಸರಲ್ಲಿ ಒಂದು ಮಾತು. ನಾವು ಏಳಿಮಲ ಬಿಟ್ಟ ಮೇಲೆ ಆ ನೋಟುಪುಸ್ತಕ ಯಾರ ಕೈಯಲ್ಲಿ ಉಳಿಯಿತೋ ತಿಳಿಯದು. ಹೊಸದೊಂದನ್ನು ಮಾಡಲು ನಲವತ್ತು ರೂಪಾಯಿಯ ಖರ್ಚು. ನಿಮ್ಮ ನೆಲೆಯಲ್ಲಿ ಯಾರಾದರೊಬ್ಬರು ಮೊದಲ ಹಾಳೆಯಲ್ಲಿ ತಮ್ಮ ಮನೆಯ ವಿವರ ಬರೆದರೆ, ಎರಡನೆಯ ಹಾಳೆಯಲ್ಲಿ ಬರೆಯಲು ಯಾರಾದರೂ ಬಂದೇ ಬರುತ್ತಾರೆ.